ಕೆಂಚಿಯ ಮೊದಲ ಪರೀಕ್ಷೆ: ಮನೆಮಂದಿಯೆಲ್ಲ ಸೇರಿ ನಾಯಿಯನ್ನು ರಿಟ್ರೀವರ್ ಟೆಸ್ಟ್‌ಗೆ ತಯಾರು ಮಾಡುವುದು

ನಮ್ಮ ಲ್ಯಾಬ್ರಡಾರ್ ನಾಯಿ ಕೆಂಚಿ, ಹಕ್ಕಿಯ ಬದಲಿಗೆ ಎಸೆದ ಡಮ್ಮಿಯನ್ನು ಚೆನ್ನಾಗಿಯೇ ಹುಡುಕಿದಳು, ಚೆನ್ನಾಗಿಯೇ ಎತ್ತಿಕೊಂಡಳು. ಆದರೆ ತಂದುಕೊಟ್ಟದ್ದು ನನ್ನ ಮಗಳ ಕೈಗಲ್ಲ. ಕೆರೆ ಏರಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ನಮ್ಮ ಮಾವನವರ ಕೈಗೆ. ಅವರ ಜೇಬಿನಲ್ಲಿ ಬಿಸ್ಕತ್ತು ಇತ್ತು. "ಅಯ್ಯೋ, ನಾನೇನೂ ಕರೀಲಿಲ್ಲಮ್ಮ" ಅಂದರು. ಕರೆದಿರಲಿಲ್ಲ, ನಿಜ. ಆದರೆ ಆರು ತಿಂಗಳಿಂದ ದಿನಾ ಬೆಳಿಗ್ಗೆ ಅವಳು ಏನು ತಂದುಕೊಟ್ಟರೂ, ಹಳೇ ಚಪ್ಪಲಿಯಾದರೂ ಸರಿ, ಒಂದು ಬಿಸ್ಕತ್ತು ಕೊಡುತ್ತಿದ್ದವರು ಅವರೇ.

ಮನೆಮಂದಿಯೆಲ್ಲ ಸೇರಿ ನಾಯಿಯನ್ನು ರಿಟ್ರೀವರ್ ಟೆಸ್ಟ್‌ಗೆ, ಅಂದರೆ ಬಿದ್ದದ್ದನ್ನು ಹುಡುಕಿ ಕೈಗೆ ತಂದುಕೊಡುವ ಪರೀಕ್ಷೆಗೆ, ಒಯ್ಯುವುದು ಹೇಗೆ ಅಂತ ಬರೆಯಲು ಕೂತಾಗ ನನಗೆ ಮೊದಲು ನೆನಪಾದದ್ದು ಇದೇ. ನಾಯಿಗೆ ಕಲಿಸುವುದು ಅಷ್ಟು ಕಷ್ಟವಲ್ಲ. ಲ್ಯಾಬ್ರಡಾರ್ ಅಂದರೆ ಬಾಯಲ್ಲಿ ಏನಾದರೂ ಹಿಡಿದುಕೊಂಡೇ ಓಡಾಡುವ ಜಾತಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯ ಮೀನುಗಾರರ ಜೊತೆ ನೀರಿಗಿಳಿಯುತ್ತಿದ್ದ ನಾಯಿಗಳ ವಂಶ ಅದು. ಕಷ್ಟ ಇರುವುದು ನಮ್ಮ ಕಡೆ. ನಮ್ಮ ಮನೆಯಲ್ಲಿ ಅತ್ತೆ, ಮಾವ, ನಮ್ಮ ಯಜಮಾನರು, ನಾನು, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಆರು ಬಾಯಿ, ಒಂದು ನಾಯಿ. ಆ ಆರು ಬಾಯಿಯನ್ನು ಒಂದು ಮಾಡುವುದಕ್ಕೇ ನಮಗೆ ಜಾಸ್ತಿ ದಿನ ಹಿಡಿಯಿತು.

ಈ ಟೆಸ್ಟ್ ಅಂದರೆ ಏನು

ನಾನು ಇದನ್ನು ಮೊದಲು ನೋಡಿದ್ದು ಅಮೆರಿಕದ ಮಿನೆಸೋಟಾದಲ್ಲಿ. ತಂಗಿಯ ಬಾಣಂತನಕ್ಕೆ ಹೋಗಿದ್ದೆ. ಅಮ್ಮನಿಗೆ ಮಂಡಿ ನೋವು, ಅಷ್ಟು ದೂರ ವಿಮಾನದಲ್ಲಿ ಕೂರಲು ಆಗುವುದಿಲ್ಲ ಅಂತ ನನ್ನನ್ನು ಕಳಿಸಿದ್ದರು. ತಂಗಿಯ ಮನೆಯಲ್ಲಿ ಕರೀ ಲ್ಯಾಬ್ರಡಾರ್ ಒಂದಿದೆ. ಅವಳ ಗಂಡನಿಗೆ ಅದನ್ನು ಹಂಟ್ ಟೆಸ್ಟ್‌ಗೆ ಇಳಿಸುವ ಹುಚ್ಚು. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಬಾತುಕೋಳಿ ಬೇಟೆ ಆಡುತ್ತಾರೆ. ಹೊಡೆದ ಹಕ್ಕಿ ಜೊಂಡಿನಲ್ಲೋ ನೀರಿನಲ್ಲೋ ಬಿದ್ದರೆ ತಂದುಕೊಡಬೇಕಾದದ್ದು ನಾಯಿ. ಆ ಕೆಲಸ ಅದಕ್ಕೆ ಬರುತ್ತದೋ ಇಲ್ಲವೋ ಅಂತ ನೋಡುವುದೇ ಈ ಟೆಸ್ಟ್. ಅಮೆರಿಕನ್ ಕೆನಲ್ ಕ್ಲಬ್ ಇದನ್ನು 1985ರಲ್ಲಿ ಶುರು ಮಾಡಿತು.

ನನಗೆ ಇಷ್ಟವಾದದ್ದು ಒಂದು ವಿಷಯ. ಇಲ್ಲಿ ಫಸ್ಟ್, ಸೆಕೆಂಡ್ ಅಂತ ಇಲ್ಲ. ಪಕ್ಕದವರ ನಾಯಿ ಎಷ್ಟು ಚೆನ್ನಾಗಿ ಓಡಿದರೂ ನಿಮ್ಮದಕ್ಕೆ ನಷ್ಟವಿಲ್ಲ. ಎಸ್ಸೆಸ್ಸೆಲ್ಸಿ ಥರ, ಇಷ್ಟು ಅಂಕ ಬಂದರೆ ಪಾಸು. ಹತ್ತು ನಾಯಿ ಬಂದರೆ ಹತ್ತೂ ಪಾಸಾಗಬಹುದು.

ಜೂನಿಯರ್, ಸೀನಿಯರ್, ಮಾಸ್ಟರ್ ಅಂತ ಮೂರು ಹಂತ. ಮೊದಲ ಸಲ ಹೋಗುವವರದು ಜೂನಿಯರ್. ಹಕ್ಕಿಗಳು ಒಂದೊಂದಾಗಿ ಬೀಳುತ್ತವೆ, ನೆಲದಲ್ಲಿ ಎರಡು, ನೀರಿನಲ್ಲಿ ಎರಡು. ದೂರ ಸಾಮಾನ್ಯವಾಗಿ 100 ಗಜದ ಒಳಗೆ, ಅಂದರೆ ಸುಮಾರು 90 ಮೀಟರ್. ಇಬ್ಬರು ಜಡ್ಜ್‌ಗಳು. ಬಿದ್ದ ಜಾಗ ನೆನಪಿಟ್ಟುಕೊಳ್ಳುವುದು, ಹುರುಪು, ಪಟ್ಟು ಬಿಡದೆ ಹುಡುಕುವುದು, ಹೇಳಿದ ಮಾತು ಕೇಳುವುದು, ಈ ನಾಲ್ಕಕ್ಕೆ ಹತ್ತರಲ್ಲಿ ಅಂಕ. ಒಟ್ಟು ಸರಾಸರಿ 7 ಬರಬೇಕು, ಯಾವುದರಲ್ಲೂ 5ಕ್ಕಿಂತ ಇಳಿಯಬಾರದು. ಹೀಗೆ ನಾಲ್ಕು ಟೆಸ್ಟ್ ಪಾಸಾದರೆ ಹೆಸರಿನ ಕೊನೆಗೆ 'ಜೂನಿಯರ್ ಹಂಟರ್' ಬಿರುದು. ಜೂನಿಯರ್‌ನಲ್ಲಿ ನಾಯಿಯ ಪಟ್ಟಿಯನ್ನು ಹಿಡಿದುಕೊಂಡೇ ನಿಲ್ಲಬಹುದು. ಜಡ್ಜ್ ನಿಮ್ಮ ನಂಬರ್ ಕೂಗುವ ತನಕ ಬಿಡುವ ಹಾಗಿಲ್ಲ. ತಂದ ಹಕ್ಕಿ ಕಾಲ ಹತ್ತಿರ ಬಿದ್ದರೆ ಲೆಕ್ಕಕ್ಕಿಲ್ಲ, ಕೈಗೇ ಬರಬೇಕು. ಆರು ತಿಂಗಳು ತುಂಬಿದ, ಅವರ ಕ್ಲಬ್ಬಿನಲ್ಲಿ ನೋಂದಣಿ ಆದ ನಾಯಿ ಆಗಿರಬೇಕು. ಬೆದೆಗೆ ಬಂದ ಹೆಣ್ಣು ನಾಯಿಗೆ ಪ್ರವೇಶವಿಲ್ಲ. ಆನ್‌ಲೈನಿನಲ್ಲಿ ಹೆಸರು ಕೊಡಬೇಕು, ಕೊನೇ ದಿನ ದಾಟಿದರೆ ಮುಗಿಯಿತು.

ಅವತ್ತು ಬೆಳಿಗ್ಗೆ ಹೊರಟ ನಮ್ಮ ದಂಡು ನೋಡಬೇಕಿತ್ತು. ಎರಡು ತಿಂಗಳ ಕೂಸು, ಅದರ ಗಾಡಿಗೆ ಸೊಳ್ಳೆ ಪರದೆ, ದೊಡ್ಡಮ್ಮ ಅಂತ ನನ್ನ ಹಿಂದೆ ಮುಂದೆ ಸುತ್ತುವ ತಂಗಿಯ ಎಂಟು ವರ್ಷದ ಮಗ, ಮಡಚುವ ಕುರ್ಚಿ, ಚಿತ್ರಾನ್ನದ ಡಬ್ಬಿ, ನಾಯಿಯ ಪೆಟ್ಟಿಗೆ. ಮಿನೆಸೋಟಾದ ಬೇಸಿಗೆ ಸೊಳ್ಳೆ ನಮ್ಮ ಕೆರೆ ಸೊಳ್ಳೆಗೆ ಏನೂ ಕಡಿಮೆಯಿಲ್ಲ.

ನಾಯಿ ಗುರಿ ಇಟ್ಟು ಓಡಿತು. ಬಾತುಕೋಳಿಯ ಹತ್ತಿರ ನಿಂತಿತು. ಮೂಸಿತು. ತಿರುಗಿ ನೋಡಿತು, ಇದೇನು ಅನ್ನುವ ಹಾಗೆ. ಎತ್ತಲೇ ಇಲ್ಲ! ಚಳಿಗಾಲವಿಡೀ ಪ್ಲಾಸ್ಟಿಕ್ ಡಮ್ಮಿಯಲ್ಲೇ ಅಭ್ಯಾಸ ಮಾಡಿಸಿದ್ದರು. ಗರಿ ಇರುವ ಹಕ್ಕಿಯನ್ನು ಅದು ಬಾಯಲ್ಲಿ ಹಿಡಿದೇ ಇರಲಿಲ್ಲ. ಮೊದಲ ಸಲ ಹೋಗುವ ಎಷ್ಟೋ ಜನ ಮಾಡುವ ತಪ್ಪಂತೆ ಇದು. ಮುಂದಿನ ವಾರದಿಂದ ತಂಗಿಯ ಫ್ರಿಜ್ಜಿನಲ್ಲಿ ಮೇಲೆ ಫ್ರೀಜರಿನಲ್ಲಿ ಸತ್ತ ಬಾತುಕೋಳಿ, ಕೆಳಗೆ ನನ್ನ ಇಡ್ಲಿ ಹಿಟ್ಟು. ಬಾಣಂತಿ ಮನೆ ಅಂತಲೂ ನೋಡಲಿಲ್ಲ. ಎರಡನೇ ಟೆಸ್ಟ್‌ನಲ್ಲಿ ಪಾಸಾಯಿತು ಅನ್ನಿ.

ನಮ್ಮ ಕಡೆ ಹೇಗೆ

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹಕ್ಕಿ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಬಾತುಕೋಳಿ ಇರಲಿ, ತೋಟದ ಬದುವಿನ ಕೌಜುಗವನ್ನೂ ಹೊಡೆಯುವ ಹಾಗಿಲ್ಲ. ನಾಯಿಗೆ 'ರುಚಿ ಹತ್ತಲಿ' ಅಂತ ಹಕ್ಕಿ ಹಿಡಿದು ಕೊಡುವವರನ್ನು ನೋಡಿದ್ದೇನೆ. ಅಂಥವರ ಮಾತು ಕೇಳಬೇಡಿ. ಇಂಗ್ಲೆಂಡಿನಲ್ಲಿ ಇದೇ ಜಾತಿ ನಾಯಿಗಳಿಗೆ ಬರೀ ಡಮ್ಮಿ ಎಸೆದು 'ವರ್ಕಿಂಗ್ ಟೆಸ್ಟ್' ಮಾಡುತ್ತಾರೆ. ನಾವು ಹಿಡಿದದ್ದು ಆ ದಾರಿ. ನಮ್ಮ ಸುತ್ತಮುತ್ತ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಸಾಕಿದ ನಾಲ್ಕು ಮನೆಯವರು ಸೇರಿದೆವು. ಅಮೆರಿಕದ ಜೂನಿಯರ್ ಲೆಕ್ಕ, ಇಂಗ್ಲೆಂಡಿನ ಡಮ್ಮಿ, ನಮ್ಮೂರ ಕೆರೆ ಅಂಗಳ. ಬಿರುದು ಇಲ್ಲ, ಸರ್ಟಿಫಿಕೇಟು ಇಲ್ಲ. ಪಾಸೋ ಫೇಲೋ ಅಷ್ಟೇ.

ಜಾಗ ಆರಿಸುವಾಗ ಹುಷಾರು. ನಮ್ಮ ತುಮಕೂರು ಜಿಲ್ಲೆಯಲ್ಲೇ ಶಿರಾ ತಾಲೂಕಿನ ಕಗ್ಗಲಡುವಿನಲ್ಲಿ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಮಧುಗಿರಿ ಕಡೆಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಅಂಥ ಕಡೆಗೆ ನಾಯಿ ಕರೆದುಕೊಂಡು ಹೋಗಲೇಬೇಡಿ. ನಿಮ್ಮೂರ ಕೆರೆಯಲ್ಲೂ ಹಕ್ಕಿ ಕೂತಿರುವ ಮೂಲೆ ಬಿಟ್ಟು ಬೇರೆ ದಡ ನೋಡಿ. ಮೀನು ಹರಾಜು ಹಿಡಿದವರಿಗೆ, ಪಂಚಾಯಿತಿಯವರಿಗೆ ಒಂದು ಮಾತು ಹೇಳಿ. ದನ, ಕುರಿ ನೀರಿಗೆ ಬರುವ ಹೊತ್ತು ತಪ್ಪಿಸಿ.

ಡಮ್ಮಿ

ಅಂಗಡಿಯಲ್ಲಿ ಕ್ಯಾನ್ವಾಸಿನದು, ಪ್ಲಾಸ್ಟಿಕ್ಕಿನದು ಸಿಗುತ್ತದೆ. ತೆಂಗಿನ ತೋಟ ಇಟ್ಟುಕೊಂಡು ಅದಕ್ಕೆ ಯಾಕೆ ದುಡ್ಡು, ಅಲ್ವಾ? ಒಣಗಿದ ತೆಂಗಿನ ಮಟ್ಟೆ ಎರಡು ತುಂಡು ತೆಗೆದುಕೊಳ್ಳಿ. ಒಂದು ಅಡಿ ಉದ್ದ ಬರುವ ಹಾಗೆ, ಕೈಹಿಡಿಗೆ ಸಿಗುವ ದಪ್ಪಕ್ಕೆ ಜೋಡಿಸಿ ಹುರಿಯಿಂದ ಬಿಗಿಯಾಗಿ ಸುತ್ತಿ. ಹಳೇ ಜೀನ್ಸ್ ಪ್ಯಾಂಟಿನ ಕಾಲನ್ನು ಚೀಲದ ಹಾಗೆ ಅದರ ಮೇಲೆ ಎಳೆದು ಎರಡೂ ಕಡೆ ದಬ್ಬಣದಲ್ಲಿ ಹೊಲಿಯಿರಿ. ಒಂದು ತುದಿಗೆ ಒಂದೂವರೆ ಅಡಿ ಹಗ್ಗ. ಅದನ್ನು ಹಿಡಿದು ಬೀಸಿದರೆ ದೂರ ಹೋಗುತ್ತದೆ, ನೀರಿನಲ್ಲಿ ಬೆಂಡಿನ ಹಾಗೆ ತೇಲುತ್ತದೆ.

ಹೊಲಿಗೆ ಬಿಚ್ಚಿದ ಡಮ್ಮಿ ಕೂಡಲೇ ತೆಗೆದಿಡಿ. ನಾರು ನುಂಗಿದರೆ ನಾಯಿಯ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬರೀ ಮಟ್ಟೆಯನ್ನು ಆಟಕ್ಕೆ ಕೊಡುವುದಂತೂ ಬೇಡವೇ ಬೇಡ. ನೀರಿನ ಖಾಲಿ ಬಾಟಲಿಯೂ ಬೇಡ. ಕಚ್ಚಿದರೆ ಕಟಕಟ ಅನ್ನುತ್ತದೆ, ಅದಕ್ಕೇ ನಾಯಿಗೆ ಇನ್ನೂ ಕಚ್ಚುವ ಆಸೆ. ಈ ಕೆಲಸಕ್ಕೆ ಬೇಕಾದದ್ದು ಮೆತ್ತನೆ ಬಾಯಿ.

ಬಣ್ಣದ ವಿಷಯದಲ್ಲಿ ನಾನು ಮೋಸ ಹೋದೆ. ಚೆನ್ನಾಗಿ ಕಾಣಲಿ ಅಂತ ಕೆಂಪು ಬಟ್ಟೆ ಸುತ್ತಿದೆ. ನಮಗೆ ಕಂಡಿತು, ಹಸಿರು ಹುಲ್ಲಿನಲ್ಲಿ ಕೆಂಚಿಗೆ ಕಾಣಲಿಲ್ಲ. ನಾಯಿಗಳಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ತೋರುವುದಿಲ್ಲ. ಶುರುವಿಗೆ ಬಿಳಿ ಬಟ್ಟೆ ಒಳ್ಳೆಯದು. ಆಮೇಲೆ ಮೂಗು ಉಪಯೋಗಿಸಲಿ ಅಂತ ಬೇಕಿದ್ದರೆ ಗೋಣಿ ಬಣ್ಣಕ್ಕೆ ಬನ್ನಿ.

ಆರು ಬಾಯಿ

ಕೆಂಚಿ ಎರಡು ತಿಂಗಳ ಮರಿಯಾಗಿದ್ದಾಗ ಮನೆಗೆ ಬಂದಳು. "ನಾನೇ ನೋಡ್ಕೋತೀನಿ" ಅಂತ ಮಕ್ಕಳಿಬ್ಬರೂ ಆಣೆ ಇಟ್ಟಿದ್ದರು. ಆಣೆಯ ಕಥೆ ಎಲ್ಲರ ಮನೆಯಲ್ಲೂ ಒಂದೇ, ಬಿಡಿ. ಒಂದು ದಿನ ಪಡಸಾಲೆಯಲ್ಲಿ ಕೂತು ಯಾರು ಅವಳಿಗೆ ಏನು ಹೇಳುತ್ತಾರೆ ಅಂತ ಬರೆದುಕೊಂಡೆ. ಮಗ 'ಫೆಚ್' ಅನ್ನುತ್ತಾನೆ. ಮಗಳು 'ತಾ'. ಯಜಮಾನರು 'ತಗೊಂಬಾರೇ'. ಅತ್ತೆ 'ಏ ಮುಂಡೇದೇ, ಕೊಡೇ ಇಲ್ಲಿ'. ಮಾವ ಏನೂ ಹೇಳುವುದಿಲ್ಲ, ಜೇಬಿಗೆ ಕೈ ಹಾಕುತ್ತಾರೆ. ಪಾಪ, ಆ ಪ್ರಾಣಿ ಯಾರ ಭಾಷೆ ಕಲಿಯಬೇಕು?

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ ಇದು. ಎಲ್ಲರನ್ನೂ ಕೂರಿಸಿ. ಕೆಲಸಕ್ಕೊಂದೇ ಮಾತು ಅಂತ ಗೊತ್ತು ಮಾಡಿ. ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ನಾವು ಮೊದಲು 'ಬಾ' ಮತ್ತು 'ತಾ' ಇಟ್ಟುಕೊಂಡಿದ್ದೆವು. ದೂರದಿಂದ ಕೂಗಿದರೆ ಎರಡೂ 'ಆ' ಅಂತಲೇ ಕೇಳುತ್ತದೆ. ಅರ್ಧ ದಾರಿಗೆ ಹೋದವಳು ವಾಪಸ್ ಬರುತ್ತಿದ್ದಳು. ಆಮೇಲೆ ಬದಲಾಯಿಸಿದೆವು. ಕೂರಲು 'ಕೂತ್ಕೋ'. ಡಮ್ಮಿ ತರಲು ಬಿಡುವಾಗ ಬರೀ ಹೆಸರು, 'ಕೆಂಚಿ'. ಅಮೆರಿಕದಲ್ಲೂ ಕಣ್ಣಿಗೆ ಬಿದ್ದ ಹಕ್ಕಿಗೆ ನಾಯಿಯನ್ನು ಹೆಸರು ಹಿಡಿದೇ ಬಿಡುವುದು ರೂಢಿ. ಕೈಗೆ ಕೊಡಲು 'ಕೊಡು'. ವಾಪಸ್ ಕರೆಯಲು ವಿಷಲ್, ಪೀ ಪೀ ಪೀ ಅಂತ ಚಿಕ್ಕದಾಗಿ. ಒಂದೇ ಉದ್ದ ಊದಿದರೆ, ಎಲ್ಲಿದ್ದರೆ ಅಲ್ಲೇ ಕೂರುವುದು.

ವಿಷಲ್ ಬಗ್ಗೆ ಒಂದು ಮಾತು. ಪಿ.ಟಿ. ಮಾಸ್ತರ ಥರದ, ಒಳಗೆ ಗೋಲಿ ಇರುವ ವಿಷಲ್ ತೆಗೆದುಕೊಂಡಿದ್ದೆವು. ಒಂದು ದಿನ ತಿಪಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ರಸ್ತೆ ದಾಟುವಾಗ ಯಾವುದೋ ಬಸ್ಸಿನ ಕಂಡಕ್ಟರ್ ಉದ್ದಕ್ಕೆ ಊದಿದ. ಬಸ್ಸೂ ನಿಂತಿತು, ನಡುರಸ್ತೆಯಲ್ಲಿ ಕೆಂಚಿಯೂ ಕೂತಳು. ಗೋಲಿಯಿಲ್ಲದ, ಸಣ್ಣ ದನಿಯ ವಿಷಲ್ ತನ್ನಿ.

ಇನ್ನೊಂದು, ನಾಯಿ ಹಿಡಿಯುವವರು ಒಬ್ಬರೇ ಇರಲಿ. ನಮ್ಮಲ್ಲಿ ಮಗಳು. ಅವಳು ನಾಯಿ ಬಿಡುವ ಗೆರೆಯ ಮೇಲೆ ನಿಂತಮೇಲೆ ಅವಳಪ್ಪನೂ ಬಾಯಿ ಬಿಡುವ ಹಾಗಿಲ್ಲ. ಇದನ್ನು ಒಪ್ಪಿಸಲು ಎರಡು ಭಾನುವಾರ ಜಗಳ ಆಯಿತು.

ಕಲಿಸುವ ಬಗೆ

ಪಡಸಾಲೆಯಲ್ಲಿ ಶುರು ಮಾಡಿ. ಎರಡೂ ಬಾಗಿಲು ಹಾಕಿ. ಸುತ್ತಿದ ಕಾಲುಚೀಲ ಒಂದನ್ನು ನಾಲ್ಕು ಮಾರು ದೂರ ಎಸೆಯಿರಿ. ಮರಿ ಎತ್ತಿಕೊಂಡಮೇಲೆ ಓಡಲು ಜಾಗ ಇಲ್ಲ, ನಿಮ್ಮ ಹತ್ತಿರವೇ ಬರಬೇಕು. ದಿನಕ್ಕೆ ಮೂರೇ ಸಲ. ಇನ್ನೂ ಬೇಕು ಅಂತ ಅದು ಕುಣಿಯುತ್ತಿರುವಾಗಲೇ ಎತ್ತಿಟ್ಟುಬಿಡಿ. ಮಕ್ಕಳು ಇದನ್ನೇ ಮೂವತ್ತು ಸಲ ಮಾಡಿ ನಾಯಿಗೆ ಬೇಜಾರು ಹಿಡಿಸುತ್ತಾರೆ. ನಾಲ್ಕರಿಂದ ಆರು ತಿಂಗಳ ಮಧ್ಯೆ ಹಾಲುಹಲ್ಲು ಬೀಳುತ್ತವೆ, ವಸಡು ನೋಯುತ್ತದೆ. ಆಗ ಬಿಡುವು ಕೊಡಿ.

ಬಯಲಿಗೆ ಬಂದಮೇಲೆ ಮರಿ ಡಮ್ಮಿ ಹಿಡಿದು ಓಡಿಹೋದರೆ ಅಟ್ಟಿಸಿಕೊಂಡು ಹೋಗಬೇಡಿ. ಅದಕ್ಕೆ ಅದೇ ಆಟ ಆಗಿಬಿಡುತ್ತದೆ. ನೀವು ಬೆನ್ನು ತಿರುಗಿಸಿ ಆ ಕಡೆ ಓಡಿ, ಅದೇ ಹಿಂದೆ ಬರುತ್ತದೆ. ಶುರುವಿನಲ್ಲಿ ಹತ್ತು ಮೀಟರಿನ ಹಗುರ ಹಗ್ಗ ಕಟ್ಟಿರಿ. ಡಮ್ಮಿ ಹಿಡಿದು ಎಳೆದಾಡುವ ಆಟ ಮನೆಯಲ್ಲಿ ನಿಷೇಧ. ನನ್ನ ಮಗನಿಗೆ ಇದಕ್ಕೆ ಎರಡು ಸಲ ಬೈದಿದ್ದೇನೆ.

ಈಗ ಬಿಸ್ಕತ್ತು. ಕೈಗೆ ಕೊಟ್ಟಾಗ ತಿಂಡಿ ಕೊಟ್ಟರೆ ಏನು ತಪ್ಪು ಅಂತ ಮಾವ ಕೇಳುತ್ತಿದ್ದರು. ತಪ್ಪು ಇಷ್ಟೇ. ತಿಂಡಿ ಇದೆ ಅಂತ ಗೊತ್ತಾದರೆ ನಾಯಿ ಎರಡು ಮಾರು ದೂರದಲ್ಲೇ ಡಮ್ಮಿ ಉಗಿದು ಬಾಯಿ ತೆರೆದುಕೊಂಡು ಬರುತ್ತದೆ. ಕೈಗೆ ಬರುವುದಿಲ್ಲ. ಹತ್ತಿರ ಬಂದಾಗ ಮಂಡಿಯೂರಿ ಕೂತುಕೊಳ್ಳಿ. ಡಮ್ಮಿ ಕಿತ್ತುಕೊಳ್ಳಬೇಡಿ. ಅದು ಬಾಯಲ್ಲಿರುವಾಗಲೇ ಕತ್ತು, ಎದೆ ಸವರಿ. ಒಂದೆರಡು ಉಸಿರು ಬಿಟ್ಟು 'ಕೊಡು' ಅನ್ನಿ. ಬಹುಮಾನ ಅಂದರೆ ಇನ್ನೊಂದು ಎಸೆತ. ಬಿಸ್ಕತ್ತು ಎಲ್ಲ ಮುಗಿದ ಮೇಲೆ, ಮನೆಯಲ್ಲಿ, ತಟ್ಟೆಯಲ್ಲಿ.

ಆಮೇಲೆ ಎಸೆಯುವವರು ನಾಯಿ ಹಿಡಿದವರಿಂದ ದೂರ ಹೋಗಬೇಕು. ಟೆಸ್ಟ್‌ನಲ್ಲಿ ಹಕ್ಕಿ ಬೀಳುವುದು ಹಾಗೆಯೇ. ಮೂವತ್ತು ಮೀಟರಿಗೆ ಯಜಮಾನರು ನಿಂತು "ಹೇಯ್ ಹೇಯ್" ಅಂತ ಕೂಗಿ, ನಾಯಿ ಅತ್ತ ನೋಡಿದಮೇಲೆ ಡಮ್ಮಿಯನ್ನು ಎತ್ತರಕ್ಕೆ, ಅಡ್ಡಕ್ಕೆ ಎಸೆಯುತ್ತಿದ್ದರು. ಮೊದಲು ಬೋಳು ನೆಲದಲ್ಲಿ, ಬಿದ್ದದ್ದು ಕಾಣುವ ಹಾಗೆ. ನಂತರ ಮೊಣಕಾಲೆತ್ತರದ ಹುಲ್ಲಿನಲ್ಲಿ. ದೂರ ಹೆಚ್ಚಿಸಿದ ದಿನ ಹುಲ್ಲು ಕಡಿಮೆ ಇರಲಿ, ಹುಲ್ಲು ಹೆಚ್ಚಾದ ದಿನ ದೂರ ಕಡಿಮೆ ಇರಲಿ. ಎರಡನ್ನೂ ಒಟ್ಟಿಗೆ ಕಷ್ಟ ಮಾಡಬೇಡಿ. ಗಾಳಿ ಯಾವ ಕಡೆಯಿಂದ ಅಂತ ನೋಡಿ. ನಾಯಿಯ ಮುಖಕ್ಕೆ ಗಾಳಿ ಬಂದರೆ ಅದರ ಮೂಗಿಗೆ ವಾಸನೆ ಬೇಗ ಸಿಗುತ್ತದೆ.

ಶಬ್ದ. ಅಮೆರಿಕದ ಟೆಸ್ಟ್‌ನಲ್ಲಿ ಹಕ್ಕಿ ಬೀಳುವ ಮುಂಚೆ ಬಾತುಕೋಳಿಯ ಕೂಗು ಊದುತ್ತಾರೆ, ಬಂದೂಕಿನ ಸದ್ದು ಮಾಡುತ್ತಾರೆ. ಅಭ್ಯಾಸ ಆಗಲಿ ಅಂತ ದೀಪಾವಳಿ ಪಟಾಕಿ ಹತ್ತಿರ ಕಟ್ಟಿಹಾಕಿದವರೊಬ್ಬರ ಗೋಲ್ಡನ್ ಆಮೇಲೆ ಒಂದು ವಾರ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ನಾವು ತೋಟದಲ್ಲಿ ಕೋತಿ ಓಡಿಸಲು ಡಬ್ಬ ಬಡಿಯುತ್ತೇವಲ್ಲ, ಅದರಿಂದ ಶುರು ಮಾಡಿದೆವು. ಕೆಂಚಿ ಊಟ ಮಾಡುವಾಗ ತೋಟದ ಆ ತುದಿಯಲ್ಲಿ ಒಂದೇ ಪೆಟ್ಟು. ಅವಳು ತಲೆ ಎತ್ತದಿದ್ದರೆ ಮಾರನೇ ದಿನ ಹತ್ತು ಹೆಜ್ಜೆ ಹತ್ತಿರ. ಕೊನೆಗೆ ಎರಡು ಹಲಗೆ ಪಟ್ ಅಂತ ಬಡಿದು ಡಮ್ಮಿ ಎಸೆದರೆ, ಆ ಸದ್ದಿಗೇ ಕಿವಿ ನಿಮಿರಿಸಿ ನಿಲ್ಲುತ್ತಿದ್ದಳು.

ನೀರು

ನಾನು ಜಾಸ್ತಿ ಹೆದರುವುದು ಇಲ್ಲಿ. ನೀವೂ ಹೆದರಿ.

ಕೃಷಿ ಹೊಂಡಕ್ಕೆ ನಾಯಿ ಇಳಿಸಬೇಡಿ. ಕಡಿದಾದ ದಡದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಪಾಚಿ ಕಟ್ಟಿರುತ್ತದೆ. ಎಂಥ ಈಜುಗಾರ ನಾಯಿಯಾದರೂ ಹತ್ತಿ ಬರಲಾರದು. ಉಳಿಸಲು ಹೋದ ಮಕ್ಕಳೂ ಬರಲಾರರು. ಹೇಮಾವತಿ ನಾಲೆಯೂ ಬೇಡ. ಕಾಂಕ್ರೀಟ್ ಅಂಚು, ಸೆಳವು. ಕೆರೆಯಲ್ಲಿ ದನ ಇಳಿಯುವ, ಮೆಲ್ಲಗೆ ಆಳವಾಗುವ ಜಾಗ ಆರಿಸಿ. ತೂಬಿನ ಹತ್ತಿರ, ಕೋಡಿಯ ಹತ್ತಿರ ಬೇಡ. ಮಣ್ಣು ತೆಗೆದ ಗುಂಡಿ ಎಲ್ಲಿದೆ ಅಂತ ನೀರಿಲ್ಲದ ಕಾಲದಲ್ಲೇ ನೋಡಿಟ್ಟುಕೊಳ್ಳಿ. ಅಂತರಗಂಗೆ ಹಬ್ಬಿದ ಕಡೆ ಕಾಲು ಸಿಕ್ಕಿಕೊಳ್ಳುತ್ತದೆ.

ನಾಯಿಯನ್ನು ಎತ್ತಿ ನೀರಿಗೆ ಎಸೆಯುವುದು ಕೆಲವರಿಗೆ ತಮಾಷೆ. ಹಾಗೆ ಮಾಡಿದರೆ ಅದು ಜನ್ಮದಲ್ಲಿ ನೀರು ನಂಬುವುದಿಲ್ಲ. ಮೊಣಕಾಲು ನೀರಲ್ಲಿ ನೀವು ನಿಂತುಕೊಳ್ಳಿ, ಅದೇ ಬರುತ್ತದೆ. ಡಮ್ಮಿಯನ್ನು ಮೊದಲು ನೀರಿನ ಅಂಚಿಗೆ, ಆಮೇಲೆ ಒಂದೊಂದೇ ಮಾರು ಒಳಗೆ.

ನೀರಿನ ಎಸೆತ ಒಂದು ಬೆಳಿಗ್ಗೆಗೆ ಐದಾರು ಸಾಕು. ಬಾಯಿ ತೆರೆದುಕೊಂಡೇ ಈಜುವುದರಿಂದ ಹೊಟ್ಟೆಗೆ ನೀರು ಹೋಗುತ್ತದೆ, ಅತಿಯಾದರೆ ಪ್ರಾಣಕ್ಕೇ ಬರುತ್ತದೆ. ಕೆಂಚಿ ಮೊದಲ ಸಲ ಜಾಸ್ತಿ ಈಜಿದ ಮಾರನೇ ದಿನ ಬಾಲ ಮುರಿದವಳ ಹಾಗೆ ಜೋತುಬಿಟ್ಟಿತ್ತು. ಮುಟ್ಟಿದರೆ ಕುಂಯ್ ಅನ್ನುತ್ತಿದ್ದಳು. ಲ್ಯಾಬ್ರಡಾರ್‌ಗಳಲ್ಲಿ ತಣ್ಣೀರಿನಲ್ಲಿ ಈಜಿದ ಮೇಲೆ ಹೀಗೆ ಆಗುವುದುಂಟು ಅಂತ ಡಾಕ್ಟರು ಹೇಳಿದರು. ನಾಲ್ಕು ದಿನದ ವಿಶ್ರಾಂತಿಯಲ್ಲಿ ಸರಿಹೋಯಿತು.

ದಡಕ್ಕೆ ಬಂದ ಕೂಡಲೇ ನಾಯಿ ಮೈ ಕೊಡವುತ್ತದೆ. ಕೊಡವಲು ಡಮ್ಮಿ ಕೆಳಗಿಡುತ್ತದೆ. ಇಲ್ಲೇ ಎಷ್ಟೋ ಅಂಕ ಹೋಗುವುದು. ಮದ್ದು ಸುಲಭ. ಮೊದಲು ನೀರಿನ ಅಂಚಿನಲ್ಲೇ ನಿಂತು, ಕೊಡವುವ ಮುಂಚೆ 'ಕೊಡು' ಅಂದು ತೆಗೆದುಕೊಳ್ಳಿ. ದಿನಾ ಒಂದೊಂದು ಹೆಜ್ಜೆ ಹಿಂದೆ ಸರಿಯಿರಿ. ಬಟ್ಟೆ ಒದ್ದೆ ಆಗುತ್ತದೆ, ಆಗಲಿ.

ಬಿಸಿಲಿನ ಮಾತು. ಇದು ಚಳಿದೇಶದ ನಾಯಿ, ಎರಡು ಪದರ ಕೂದಲು. ನಮ್ಮ ಕಡೆ ನವೆಂಬರಿಂದ ಜನವರಿ ಒಳ್ಳೇ ಕಾಲ. ಮಳೆ ಆಗಿದ್ದರೆ ಕೆರೆಯಲ್ಲಿ ನೀರೂ ಇರುತ್ತದೆ, ಬೆಳಿಗ್ಗೆ ತಂಪೂ ಇರುತ್ತದೆ. ಆಗಲೂ ಎಂಟೂವರೆಗೆ ಮುಗಿಸಿ. ನಾಲಿಗೆ ಅಗಲವಾಗಿ ಜೋತು, ಉಸಿರಿನ ಸದ್ದು ಜೋರಾದರೆ ನಿಲ್ಲಿಸಿ. ನೆರಳಿಗೆ ಕರೆದೊಯ್ದು ಹೊಟ್ಟೆ, ತೊಡೆಸಂದಿ, ಅಂಗಾಲು ನೆನೆಸಿ. ತೂರಾಡಿದರೆ ನೆನೆಸುತ್ತಲೇ ಡಾಕ್ಟರ ಹತ್ತಿರ ಹೊರಡಿ.

ರೇಬಿಸ್ ಲಸಿಕೆ ಎಲ್ಲರೂ ಹಾಕಿಸುತ್ತಾರೆ. ನಿಂತ ನೀರಿಗೆ ಇಳಿಸುವವರು ಇಲಿಜ್ವರದ ಲಸಿಕೆಯೂ ಆಗಿದೆಯೇ ಅಂತ ಪುಸ್ತಕ ತೆಗೆದು ನೋಡಿ. ಏರಿಯ ಇಲಿ ಬಿಲದ ಹತ್ತಿರ, ಒಣ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ. ನಾಯಿ ಬಿಡುವ ಮುಂಚೆ ಕೋಲು ಬಡಿಯುತ್ತ ಒಂದು ಸುತ್ತು ಬನ್ನಿ. ಹಾವು ಕಡಿದರೆ ಔಷಧಿ ಯಾವ ಪಶು ಆಸ್ಪತ್ರೆಯಲ್ಲಿದೆ ಅಂತ ಮುಂಚೆಯೇ ಕೇಳಿಟ್ಟುಕೊಂಡಿರಿ.

ಪರೀಕ್ಷೆಯ ದಿನ

ಡಿಸೆಂಬರಿನ ಒಂದು ಭಾನುವಾರ. ಐದು ನಾಯಿ, ನಾಲ್ಕು ಮನೆ, ಇಬ್ಬರು ಜಡ್ಜ್. ಒಬ್ಬರು ಸೈನ್ಯದಿಂದ ನಿವೃತ್ತರಾದವರು, ಇನ್ನೊಬ್ಬರು ಹೈಸ್ಕೂಲು ಮಾಸ್ತರು. ಯಾರ ನಾಯಿಯೂ ಅವರದ್ದಲ್ಲ, ಅದು ಮುಖ್ಯ. ಚೀಟಿ ಎತ್ತಿ ನಂಬರ್ ಕೊಟ್ಟರು. ನೋಡುವವರ ಜಾಗ ನಾಯಿಯ ಹಿಂದೆ ಇರಲಿ. ನಾವು ಏರಿಯ ಮೇಲೆ, ಡಮ್ಮಿ ಬೀಳುವ ಪಕ್ಕದಲ್ಲೇ ಕುರ್ಚಿ ಹಾಕಿದ್ದು ದಡ್ಡತನ. ಮಾವನವರ ಕಥೆ ಆದದ್ದು ಅದಕ್ಕೇ.

ಊಟದ ಚೀಲ ಕಾರಿನೊಳಗೆ ಇರಲಿ, ಬಾಗಿಲು ಹಾಕಿರಲಿ. ಅತ್ತೆ ಪುಳಿಯೋಗರೆ, ಕೇಸರಿಬಾತು ಮಾಡಿದ್ದರು. ಒಣದ್ರಾಕ್ಷಿ ನಾಯಿಗೆ ವಿಷ, ಮಕ್ಕಳು ಪ್ರೀತಿಯಿಂದ ಬಾಯಿಗೆ ಹಾಕಿಬಿಡುತ್ತಾರೆ. ಸರದಿ ಬರುವ ತನಕ ನಾಯಿಯನ್ನು ನೆರಳಿನಲ್ಲಿ, ಉಳಿದ ನಾಯಿಗಳ ಓಟ ಕಾಣದ ಕಡೆ ಇಡಿ. ನೋಡಿ ನೋಡಿ ಕೂಗಿಯೇ ಅರ್ಧ ಸುಸ್ತಾಗುತ್ತದೆ. ಗೆರೆಗೆ ಹೋಗುವ ಮುಂಚೆ ಒಂದು ಸುತ್ತು ಉಚ್ಚೆ ಮಾಡಿಸಿ. ಒಬ್ಬರ ನಾಯಿ ಡಮ್ಮಿಯ ಮೇಲೆಯೇ ಕಾಲೆತ್ತಿತು.

ಕೆಂಚಿಯ ಮೊದಲ ಎಸೆತ ಹಾಗಾಯಿತು. ಎರಡನೆಯದು ಬಳ್ಳಾರಿ ಜಾಲಿಯ ಪೊದೆಯ ಹಿಂದೆ ಬಿತ್ತು. ಅವಳು ಎಡಕ್ಕೆ ಹೋದಳು, ಬಲಕ್ಕೆ ಬಂದಳು. ಸಿಗಲಿಲ್ಲ. ಮಗಳ ಕೈ ನಡುಗುತ್ತಿತ್ತು. ನಮ್ಮ ಯಜಮಾನರು "ಆ ಕಡೆ ಕಣೇ" ಅನ್ನಲು ಬಾಯಿ ತೆರೆದರು, ಅತ್ತೆ ಅವರ ತೋಳು ಹಿಡಿದು ಚಿವುಟಿದರು. ಇಡೀ ಬಯಲಿನಲ್ಲಿ ಸದ್ದಿಲ್ಲ. ಕೆಂಚಿ ಪೊದೆಯನ್ನು ಒಂದು ದೊಡ್ಡ ಸುತ್ತು ಹಾಕಿ, ಗಾಳಿ ಮುಖಕ್ಕೆ ಬಂದಲ್ಲಿ ಗಕ್ಕನೆ ತಿರುಗಿದಳು. ಬಂದವಳು ಸೀದಾ ಮಗಳ ಕೈಗೇ ಕೊಟ್ಟಳು. ಪಟ್ಟು ಬಿಡದೆ ಹುಡುಕಿದ್ದಕ್ಕೆ ಇಬ್ಬರು ಜಡ್ಜ್‌ಗಳೂ ಒಂಬತ್ತು ಹಾಕಿದರು. ನೀರಿನಲ್ಲಿ ಎರಡೂ ತಂದಳು, ಒಂದರಲ್ಲಿ ಕೊಡವಲು ಕೆಳಗಿಟ್ಟಳು. ಒಟ್ಟು ಸರಾಸರಿ ಆರೂಮುಕ್ಕಾಲು. ಫೇಲು. ಮಗ ಅತ್ತ. ಮಾವ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಅವನ ಕೈಗೆ ಕೊಟ್ಟರು. ಐದರಲ್ಲಿ ಎರಡು ನಾಯಿ ಪಾಸಾದವು. ಮಾರ್ಚ್ ಮೊದಲ ವಾರ, ಬಿಸಿಲೇರುವ ಮುಂಚೆ, ಇನ್ನೊಮ್ಮೆ ಮಾಡಿದಾಗ ಕೆಂಚಿಗೆ ಏಳೂವರೆ ಬಂತು. ಆಗ ಮಾವ ಕಾರಿನ ಹಿಂದೆ, ಜೇಬು ಖಾಲಿ ಮಾಡಿಕೊಂಡು ಕೂತಿದ್ದರು.

ಮನೆಗೆ ಬಂದಮೇಲೆ ಇನ್ನೂ ಕೆಲಸ ಇದೆ. ಒಳ್ಳೇ ನೀರಿನಲ್ಲಿ ಮೈ ತೊಳೆದು ಕಿವಿ ಒಳಗೆ ಒಣ ಬಟ್ಟೆಯಿಂದ ಒರೆಸಿ. ಬೆರಳ ಸಂದಿಯಲ್ಲಿ ಜಾಲಿ ಮುಳ್ಳು, ಕಿವಿಯ ಬುಡದಲ್ಲಿ, ಕಂಕುಳಲ್ಲಿ ಉಣ್ಣೆ ಇದೆಯೇ ಅಂತ ಬೆರಳಾಡಿಸಿ ನೋಡಿ. ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆಯ ನಾಯಿಗಳಿಗೆ ದೊಡ್ಡ ಕಾಟ. ವಾರದೊಳಗೆ ಮಂಕಾದರೆ, ಊಟ ಬಿಟ್ಟರೆ, ವಸಡು ಬೆಳ್ಳಗಾದರೆ ತಡ ಮಾಡಬೇಡಿ.

ಡಮ್ಮಿಗಳನ್ನು ಬಿಸಿಲಿಗೆ ಒಣಗಿಸಿ ನಾಯಿಗೆ ಸಿಗದ ಕಡೆ ಇಡಿ. ಸದಾ ಕಣ್ಣಿಗೆ ಬಿದ್ದರೆ ಅದು ಬರೀ ಆಟಿಕೆ ಆಗಿಬಿಡುತ್ತದೆ. ನಮ್ಮವು ಕೊಬ್ಬರಿ ಅಟ್ಟದ ಮೇಲೆ ಮೊಳೆಗೆ ನೇತಾಡುತ್ತವೆ. ಈಗ ಕೊಬ್ಬರಿ ನೋಡಲು ಅಂತ ಯಾರು ಏಣಿ ಸರಿಸಿದರೂ ಸಾಕು, ಕೆಂಚಿ ಬಂದು ಏಣಿಯ ಬುಡದಲ್ಲಿ ಕೂತುಬಿಡುತ್ತಾಳೆ. ಯಾರೂ ಏನೂ ಹೇಳಿರುವುದಿಲ್ಲ.